ಕಾರಟಗಿ, ಕುಷ್ಟಗಿ, ಆನೆಗೊಂದಿ: ಹೊಲದಲ್ಲೇ ಮನೆ ಮಾಡಿಕೊಂಡು ಇರೋಕೆ ಯಾವುದು ತಗೊಳ್ಳೋದು?

ಹೊಲದ ಮನೆ:

ಎಲ್ಲರಿಗೂ ನಮಸ್ಕಾರ. ನಾವು ಸದ್ಯ ಹೊಸಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ಹೆಂಡತಿ, ಅವ್ವ, ನಾಲ್ಕನೇ ಕ್ಲಾಸಿನ ಮಗಳು. ನಮ್ಮದು ಮೂಲ ಕೊಪ್ಪಳ ತಾಲ್ಲೂಕೇ, ಆದರೆ ಅಪ್ಪನ ಕಾಲಕ್ಕೇ ಹೊಲ ಹೋಯಿತು. ಈಗ ಒಂದಿಷ್ಟು ದುಡ್ಡು ಕೂಡಿದೆ, ಮೂರ್ನಾಲ್ಕು ಎಕರೆ ತಗೊಂಡು ಹೊಲದಲ್ಲೇ ಮನೆ ಕಟ್ಟಿಕೊಂಡು ಇರಬೇಕು ಅಂತ ಆಸೆ. ಲಾಭದ ದೊಡ್ಡ ಲೆಕ್ಕ ಇಲ್ಲ. ಮನೆಗೆ ಬೇಕಾದ ಜೋಳ, ತೊಗರಿ, ಕಾಯಿಪಲ್ಲೆ, ಎರಡು ಆಕಳು, ಕೋಳಿ, ಇಪ್ಪತ್ತು ಮೂವತ್ತು ಹಣ್ಣಿನ ಗಿಡ, ಅಷ್ಟೇ. ನಮ್ಮಿಬ್ಬರ ಕೆಲಸವೂ ಮನೆಯಿಂದಲೇ ನಡೆಯುತ್ತೆ, ವಾರಕ್ಕೊಮ್ಮೆ ಆಫೀಸಿಗೆ ಹೋದರೆ ಸಾಕು.

ಮೂರು ಕಡೆ ನೋಡಿದ್ದೇವೆ. ಒಂದು ಕಾರಟಗಿ ಕಡೆ ನಾಲ್ಕು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ, ಉಪಕಾಲುವೆ ಪಕ್ಕದಲ್ಲೇ ಇದೆ, ಸುತ್ತ ಎಲ್ಲ ಭತ್ತ. ಅಕ್ಕಪಕ್ಕದ ರೇಟಿಗಿಂತ ಕಡಿಮೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಇನ್ನೊಂದು ಕುಷ್ಟಗಿ ತಾಲ್ಲೂಕಿನಲ್ಲಿ ಮೂರೂವರೆ ಎಕರೆ ಮಸಾರಿ (ಕೆಂಪು ಮಣ್ಣು). ಬೋರ್ ಇದೆ, ಮೊದಲು ದಾಳಿಂಬೆ ಇತ್ತಂತೆ, ಈಗ ಕಿತ್ತು ಹಾಕಿದ್ದಾರೆ. ಮೂರನೇದು ಆನೆಗೊಂದಿ ಹತ್ತಿರ ಬರೀ ಎರಡು ಎಕರೆ, ದುಬಾರಿ, ಆದರೆ ಬಂಡೆ ಬೆಟ್ಟ, ಹಸಿರು ಗದ್ದೆ, ನೋಡಿದರೆ ಎದ್ದು ಬರೋಕೆ ಮನಸ್ಸಾಗಲ್ಲ. ಹೆಂಡತಿಗೆ ಅದೇ ಇಷ್ಟ. ಅವ್ವನಿಗೆ ಕಾರಟಗಿ ಇಷ್ಟ, "ನೀರಿದ್ದಲ್ಲಿ ಭೂಮಿ ತಗೋ" ಅನ್ನುತ್ತಾಳೆ. ದಲ್ಲಾಳಿ ಮೂರಕ್ಕೂ "ಕಣ್ಣು ಮುಚ್ಚಿ ತಗೊಳ್ಳಿ ಸರ್" ಅನ್ನುತ್ತಾನೆ.

ಹೊಲ ನೋಡುವಾಗ ಏನೇನು ನೋಡಬೇಕು? ಈ ಸೀಮೆಯಲ್ಲಿ ಹೊಲದಲ್ಲೇ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕೊನೆ ಭಾಗದ ರೈತ:

ಕಾರಟಗಿ ಹೊಲದ ಬಗ್ಗೆ ಮಾತ್ರ ಹೇಳುತ್ತೇನೆ, ನಮ್ಮದು ಮಾನ್ವಿ ಕಡೆ, ಅದೇ ತುಂಗಭದ್ರಾ ಎಡದಂಡೆ ಕಾಲುವೆಯ ಬಾಲ.

ಕಾಲುವೆ ಪಕ್ಕದ ಹೊಲ ಸುತ್ತಲಿನ ರೇಟಿಗಿಂತ ಕಡಿಮೆಗೆ ಸಿಗುತ್ತಿದೆ ಅಂದರೆ ಸವುಳು ಬಿದ್ದಿದೆಯಾ, ಅಂದರೆ ಮಣ್ಣಿನಲ್ಲಿ ಉಪ್ಪು ಏರಿದೆಯಾ ಅಂತ ಮೊದಲು ನೋಡಿ. ಎಡದಂಡೆ ಯೋಜನೆ ಮಾಡಿದಾಗ ಬಹುಪಾಲು ಭೂಮಿಯಲ್ಲಿ ಜೋಳ, ಹತ್ತಿ, ಶೇಂಗಾ ಥರದ ಕಡಿಮೆ ನೀರಿನ ಬೆಳೆ ಬೆಳೆಯುತ್ತಾರೆ ಅಂತ ಲೆಕ್ಕ ಹಾಕಿದ್ದರು. ಆಗಿದ್ದೇ ಬೇರೆ. ಮೇಲಿನವರೆಲ್ಲ ಭತ್ತ ಹಚ್ಚಿದರು, ಕೆಳಗಿನ ನಮಗೆ ನೀರು ಬರಲಿಲ್ಲ, ಅದು ಬೇರೆ ಜಗಳ ಬಿಡಿ. ಆದರೆ ಮೇಲಿನವರಿಗೂ ಸುಮ್ನೆ ಲಾಭ ಆಗಲಿಲ್ಲ. ಎರೆ ಮಣ್ಣಿನಲ್ಲಿ ನೀರು ಬೇಗ ಬಸಿಯಲ್ಲ. ವರ್ಷಗಟ್ಟಲೆ ನೀರು ನಿಲ್ಲಿಸಿದರೆ ಒಳಗಿನ ನೀರು ಮೇಲೆ ಬರುತ್ತದೆ, ಅದರ ಜೊತೆ ಉಪ್ಪೂ ಬರುತ್ತದೆ, ಬಿಸಿಲಿಗೆ ನೀರು ಆರಿ ಹೋಗಿ ಉಪ್ಪು ಮೇಲೆ ಉಳಿಯುತ್ತದೆ. ತಗ್ಗಿನಲ್ಲಿರುವ ಹೊಲಕ್ಕೆ ತನ್ನ ನೀರಲ್ಲದೆ ಮೇಲಿನವರ ನೀರೂ ಬಸಿದು ಬರುತ್ತದೆ.

ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಹೋಗಿ, ಹಸಿರಿರುವಾಗ ಹೋಗಬೇಡಿ. ಬದುವಿನ ಬುಡ, ಕಾಲುವೆ ಅಂಚು, ಹೊಲದ ತಗ್ಗಿನ ಮೂಲೆ ನೋಡಿ. ಸವುಳು ಇದ್ದರೆ ಬಿಳಿ ಪುಡಿ ಕಾಣುತ್ತದೆ, ಕಾಲಿಟ್ಟರೆ ಮೇಲಿನ ಪದರ ಮೆತ್ತಗೆ ಒಳಗೆ ಹೋಗುತ್ತದೆ. ಕೂಳೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೋಳು ಇದ್ದರೆ ಆ ಬೋಳು ಜಾಗದ ಮಣ್ಣನ್ನೇ ತಗೊಳ್ಳಿ. ದಲ್ಲಾಳಿ ಒಳ್ಳೇ ಕಡೆಗೆ ಕರೆದುಕೊಂಡು ಹೋಗುತ್ತಾನೆ, ನೀವು ಮೂಲೆಗೆ ಹೋಗಿ. ಒಂದು ಆಳುದ್ದ ಗುಂಡಿ ತೋಡಿಸಿ ರಾತ್ರಿಯೆಲ್ಲ ಬಿಡಿ, ಬೆಳಿಗ್ಗೆ ಅದರಲ್ಲಿ ನೀರು ನಿಂತಿದ್ದರೆ ಹಣ್ಣಿನ ಗಿಡದ ಆಸೆ ಬಿಟ್ಟುಬಿಡಿ, ಬೇರು ಕೊಳೆಯುತ್ತೆ. ಮಣ್ಣು ಪರೀಕ್ಷೆಯಲ್ಲಿ ರಸಸಾರ (ಪಿಎಚ್) 8.5 ದಾಟಿದ್ದರೆ ಕ್ಷಾರ, ಲವಣಾಂಶದ ಇಸಿ 4 ದಾಟಿದ್ದರೆ ಸವುಳು ಅಂತ ತಿಳಿಯಿರಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇದರ ಮೇಲೇ ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ, ಒಮ್ಮೆ ಹೋಗಿ ಮಾತಾಡಿ. ನೆಲದೊಳಗೆ ತೂತಿನ ಪೈಪು ಹಾಕಿ ಬಸಿ ಮಾಡಿಸಬಹುದು, ಆದರೆ ಬಸಿದ ನೀರು ಹೋಗೋಕೆ ಹಳ್ಳ ಬೇಕು, ನಡುವಿನ ಹೊಲದವರು ಒಪ್ಪಬೇಕು. ನಾಲ್ಕು ಎಕರೆಯವನೊಬ್ಬನ ಕೈಲಿ ಆಗೋ ಕೆಲಸ ಅಲ್ಲ.

ನೀರಿದ್ದಲ್ಲಿ ಭೂಮಿ ಅನ್ನೋ ಅವ್ವನ ಮಾತು ಸರಿ. ಆದರೆ ಕಾಲುವೆ ನೀರು ನಮ್ಮದಲ್ಲ. ತುಂಗಭದ್ರಾ ಡ್ಯಾಂ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಸುತ್ತ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಗಿ ತುಂಬಿದ ಡ್ಯಾಂ ನೀರು ಹೊಳೆಗೆ ಹರಿದದ್ದು ಎಲ್ಲರೂ ನೋಡಿದ್ದೇವೆ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಅಂತ ಪ್ರತಿ ವರ್ಷ ಐಸಿಸಿ (ನೀರಾವರಿ ಸಲಹಾ ಸಮಿತಿ) ಮೀಟಿಂಗ್ ಕಡೆ ಬಾಯಿ ಬಿಟ್ಟುಕೊಂಡು ಕೂರುತ್ತೇವೆ. ಬೇಸಿಗೆಯಲ್ಲಿ ಕಾಲುವೆ ಬಂದ್. ಆಗ ನಿಮ್ಮ ಆಕಳಿಗೆ ಏನು ಕುಡಿಸುತ್ತೀರಿ?

ಇನ್ನೊಂದು. ಸುತ್ತ ಭತ್ತ ಇದ್ದರೆ ಔಷಧಿ ಹೊಡೆಯೋದು ನಿಲ್ಲಲ್ಲ, ಗಾಳಿಗೆ ನಿಮ್ಮ ಕಾಯಿಪಲ್ಲೆ ಮೇಲೂ ಬರುತ್ತೆ. ಸೊಳ್ಳೆ ಬಗ್ಗೆ ಹೇಳೋದೇ ಬೇಡ.

ಹಳೇ ನಕಾಶೆ:

ಮಣ್ಣು ನೀರು ಬೇರೆಯವರು ಹೇಳಲಿ, ನಾನು ಸರ್ವೆ ಇಲಾಖೆಯಲ್ಲಿ ಇದ್ದವನು, ಕಾಗದ ಹೇಳುತ್ತೇನೆ. ಮೊದಲೇ ಒಂದು ಮಾತು ತಮ್ಮಾ, ಮುಂಗಡ ಕೊಟ್ಟ ಮೇಲೆ ಕಾಗದ ನೋಡಬೇಡ. ಕಾಗದ ನೋಡಿದ ಮೇಲೆ ಮುಂಗಡ ಕೊಡು.

ರೈತರಲ್ಲದವರು ಹೊಲ ಕೊಳ್ಳಬಾರದು ಅನ್ನೋ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ಹೋದವು, ಹಾಗಾಗಿ ನಿನಗೆ ಆ ಅಡ್ಡಿ ಇಲ್ಲ. ಪಹಣಿ ತೆಗೆಸು. 9ನೇ ಕಾಲಮ್ಮಿನಲ್ಲಿ ಎಷ್ಟು ಹೆಸರಿವೆ ನೋಡು. ಅಣ್ಣತಮ್ಮಂದಿರ ಜಂಟಿ ಹೆಸರಿದ್ದು ಒಬ್ಬನೇ "ನನ್ನ ಪಾಲು ಮಾರುತ್ತೇನೆ" ಅಂದರೆ 11ಇ ನಕ್ಷೆ ಇಲ್ಲದೆ ನೋಂದಣಿ ಆಗಲ್ಲ, ಆ ನಕ್ಷೆಗೆ ಸರ್ವೆಯವರು ಹೊಲಕ್ಕೇ ಬಂದು ಅಳೆಯಬೇಕು. ಬಂದ ದಿನ ನೀನೂ ಅಲ್ಲಿರು, ಬಾಂದುಕಲ್ಲು ಎಲ್ಲಿದೆ ಅಂತ ಕಣ್ಣಾರೆ ನೋಡು. 11ನೇ ಕಾಲಮ್ಮಿನಲ್ಲಿ ಬ್ಯಾಂಕಿನ ಸಾಲ, ಕೋರ್ಟಿನ ತಡೆ, ಭೂಸ್ವಾಧೀನ ಏನಿದ್ದರೂ ಬರುತ್ತದೆ. ಕುಷ್ಟಗಿಗೆ 2025ರಲ್ಲಿ ರೈಲು ಬಂತು, ಮುಂದಕ್ಕೂ ಲೈನ್ ಹೋಗುತ್ತದೆ, ಆ ಕಡೆ ಕೊಳ್ಳುವವರು ಸ್ವಾಧೀನದ ನೋಟಿಫಿಕೇಷನ್ ಬಗ್ಗೆ ಕೇಳಲೇಬೇಕು. 3ನೇ ಕಾಲಮ್ಮಿನಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ ನೋಡು. ಅ ಖರಾಬು ಆದರೆ ಕಲ್ಲು ಬಂಡೆ ಜಾಗ, ಹೊಲದವನದ್ದೇ. ಬ ಖರಾಬು ಆದರೆ ಹಳ್ಳವೋ ದಾರಿಯೋ, ಅದು ಸರ್ಕಾರದ್ದು. ಮೂರೂವರೆ ಎಕರೆ ಅಂತ ದುಡ್ಡು ಕೊಟ್ಟು ಅದರಲ್ಲಿ ಹದಿನೈದು ಗುಂಟೆ ಹಳ್ಳ ಬಂದರೆ ಯಾರಿಗೆ ಹೇಳುತ್ತೀ?

ಹಳೇ ಕಾಗದದ ಕಥೆ ನಮ್ಮಲ್ಲಿ ಬೇರೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೆಳಗಿದ್ದವು, 1956ಕ್ಕೆ ಮೈಸೂರಿಗೆ ಸೇರಿದವು, ಹಾಗಾಗಿ ಮೂಲ ಕಾಗದ ಉರ್ದುವಿನಲ್ಲಿ ಇರಬಹುದು. ಓದಿಸಿಕೊಳ್ಳೋದಕ್ಕೆ ಬೇಜಾರು ಮಾಡಬೇಡ. ಭೂಮಿ ಮೊದಲು ಯಾರಿಗೆ, ಹೇಗೆ ಬಂತು ಅನ್ನೋದು ಮುಖ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಆಗಿದ್ದರೆ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳೋ ಹಾಗಿಲ್ಲ. 1978ರ ಕಾಯ್ದೆ ಅದು, 2023ರಲ್ಲಿ ತಿದ್ದುಪಡಿ ಮಾಡಿ ಕಾಲಮಿತಿಯನ್ನೂ ತೆಗೆದುಹಾಕಿದ್ದಾರೆ. ಎಷ್ಟು ವರ್ಷ ಆದ ಮೇಲೂ ಭೂಮಿ ವಾಪಸ್ ಹೋಗಬಹುದು, ಹೋಗಬೇಕಾದದ್ದೇ ಅನ್ನು. ಮಂಜೂರಾತಿ ಭೂಮಿಯಾ ಅಂತ ತಹಶೀಲ್ದಾರ್ ಕಚೇರಿಯಲ್ಲಿ ಬರಹದಲ್ಲಿ ತಗೋ. ಇನ್ನು ಹೆಣ್ಣುಮಕ್ಕಳು. ಮಾರುವವನ ಅಕ್ಕತಂಗಿಯರು ಎಲ್ಲಿದ್ದಾರೆ, ಎಷ್ಟು ಮಂದಿ ಅಂತ ವಂಶವೃಕ್ಷ ನೋಡಿ ಕೇಳು. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು. "ಅವರೆಲ್ಲ ಕೊಟ್ಟ ಮನೇಲಿ ಸುಖವಾಗಿದ್ದಾರೆ, ಅವರ ಸಹಿ ಯಾಕೆ" ಅಂದರೆ ಅಲ್ಲಿಂದ ಎದ್ದು ಬಾ.

ದಾರಿ. ಇದಕ್ಕೆ ಜಾಸ್ತಿ ಜನ ಬೀಳುತ್ತಾರೆ. ಇವತ್ತು ಪಕ್ಕದವನ ಹೊಲದಲ್ಲಿ ಹಾದು ಹೋಗಿದ್ದೀರಿ, ಅವನು ಕೈಬೀಸಿ ಮಾತಾಡಿಸಿದ್ದಾನೆ. ನಾಳೆ ನೀವು ಮನೆ ಕಟ್ಟೋಕೆ ಜಲ್ಲಿ ಲಾರಿ ತಂದಾಗ ಅವನೇ ಮುಳ್ಳು ಹಚ್ಚುತ್ತಾನೆ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಇದೆಯಾ ನೋಡು. ಇಲ್ಲದಿದ್ದರೆ ದಾರಿಯ ಹಕ್ಕನ್ನು ನೋಂದಾಯಿತ ಕಾಗದದಲ್ಲಿ ಬರೆಸಿಕೋ. ಬಾಯಿಮಾತಿನ ದಾರಿ ಮಾರಿದವನು ಇರೋ ತನಕ ಮಾತ್ರ.

ಮನೆ ಬಗ್ಗೆ: ಸ್ವಂತ ವಾಸಕ್ಕೆ ತೋಟದ ಮನೆ ಕಟ್ಟೋಕೆ ಎನ್‌ಎ (ಕೃಷಿಯೇತರ ಪರಿವರ್ತನೆ) ಮಾಡಿಸಬೇಕಿಲ್ಲ, ಹಿಡುವಳಿಯ ಶೇಕಡಾ 10ರ ಮಿತಿಯಲ್ಲಿರಬೇಕು ಅಷ್ಟೇ. ಹೋಮ್‌ಸ್ಟೇ ಮಾಡಿ ಬಾಡಿಗೆ ತಗೊಳ್ಳುತ್ತೇನೆ ಅಂದರೆ ಲೆಕ್ಕ ಬೇರೆ. ಆನೆಗೊಂದಿಯಲ್ಲಿ ಅದೂ ಸುಲಭ ಅಲ್ಲ. ಆ ಊರುಗಳು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ, ಗೋಡೆ ಎತ್ತೋಕೂ ಅಲ್ಲಿ ಅನುಮತಿ ಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಜೆಸಿಬಿ ಹಚ್ಚಿ ತೆಗೆದರು. ನಿನ್ನ ಹೆಂಡತಿಗೆ ಬೆಟ್ಟ ಇಷ್ಟ ಆದರೆ ಭಾನುವಾರ ಹೋಗಿ ನೋಡಿಕೊಂಡು ಬನ್ನಿ.

ಮಸಾರಿ ಅಕ್ಕ:

ನಕಾಶೆ ಕಾಕಾ, ಕೊನೇ ಮಾತು ಸ್ವಲ್ಪ ಖಾರ ಆಯಿತು 😄 ಆದರೆ ನಿಜ.

ನಾವು ಯಲಬುರ್ಗಾ ತಾಲ್ಲೂಕಿನಲ್ಲಿ ಹೊಲದಲ್ಲೇ ಇದ್ದೇವೆ, ನಾನು, ಮನೆಯವರು, ಅತ್ತೆ, ಮಾವ. ಮೂರರಲ್ಲಿ ನಾನಾದರೆ ಕುಷ್ಟಗಿ ಮಸಾರಿಯನ್ನೇ ನೋಡುತ್ತೇನೆ. ಮಸಾರಿಯಲ್ಲಿ ನೀರು ಬಸಿಯುತ್ತೆ, ಹಣ್ಣಿನ ಗಿಡ ಒಪ್ಪುತ್ತವೆ, ಮನೆಗೆ ಪಾಯ ಹಾಕೋಕೂ ಸುಲಭ. ಎರೆಯಲ್ಲಿ ಮನೆ ಕಟ್ಟಿದರೆ ಮಳೆಗಾಲಕ್ಕೆ ಮಣ್ಣು ಉಬ್ಬಿ ಬೇಸಿಗೆಗೆ ಬಿರಿಯುತ್ತೆ, ಅದರ ಜೊತೆ ಗೋಡೆಯೂ ಬಿರಿಯುತ್ತೆ, ಎರೆ ತೆಗೆದು ಗಟ್ಟಿ ನೆಲ ಮುಟ್ಟೋ ತನಕ ಹೋಗಬೇಕು ಅಂದರೆ ಪಾಯಕ್ಕೇ ಅರ್ಧ ದುಡ್ಡು. ಮಸಾರಿಯಲ್ಲಿ ಒಂದೇ ಕೊರತೆ, ಹಸಿ ಹಿಡಿಯಲ್ಲ. ಮಳೆ ಎರಡು ವಾರ ಹಿಂದೆ ಸರಿದರೆ ಸಜ್ಜೆ ಬಾಡುತ್ತೆ. ಬಿಳಿಜೋಳ ಬೇಕು ಅಂದರೆ ಅದು ಹಿಂಗಾರಿಗೆ ಎರೆಯಲ್ಲೇ ಚಂದ, ನಿಮಗೆ ಕೊಂಡು ತರೋದೇ ವಾಸಿ. ಸಜ್ಜೆ, ಶೇಂಗಾ, ಹೆಸರು, ತೊಗರಿ ನಡೆಯುತ್ತೆ.

ಆದರೆ ಕೆಲವು ಪ್ರಶ್ನೆ ಕೇಳಿ. ದಾಳಿಂಬೆ ಯಾಕೆ ಕಿತ್ತರು? ದುಂಡಾಣು ಅಂಗಮಾರಿ ಬಂದು ಬೇಸತ್ತು ಕಿತ್ತಿದ್ದರೆ ನಿಮಗೆ ದೊಡ್ಡ ತೊಂದರೆ ಇಲ್ಲ, ನೀವು ಮತ್ತೆ ದಾಳಿಂಬೆ ಹಚ್ಚದಿದ್ದರೆ ಆಯಿತು. ಸೊರಗು ರೋಗ ಬಂದಿದ್ದರೆ ಅದು ಮಣ್ಣಲ್ಲೇ ಉಳಿಯುತ್ತೆ, ಬೇರುಗಂಟಿನ ಹುಳವೂ ಉಳಿಯುತ್ತೆ, ಬದನೆ ಟೊಮ್ಯಾಟೊವನ್ನೂ ಆ ಹುಳ ಬಿಡಲ್ಲ. ಮೂರನೇ ಕಾರಣ ಬೋರ್ ಬತ್ತಿದ್ದು. ಮಾರುವವರು ಮೊದಲನೇದು ಹೇಳುತ್ತಾರೆ, ಪಕ್ಕದ ಹೊಲದವರು ಮೂರನೇದು ಹೇಳುತ್ತಾರೆ. ಪಕ್ಕದವರ ಹತ್ತಿರ ಕೂತು ಚಹಾ ಕುಡಿಯಿರಿ, ದಲ್ಲಾಳಿಯನ್ನು ಬಿಟ್ಟು ಹೋಗಿ.

ನೀರು ಎಷ್ಟಿದೆ ಅಂತ ಎಲ್ಲರೂ ಕೇಳುತ್ತಾರೆ, ಎಂಥ ನೀರು ಅಂತ ಯಾರೂ ಕೇಳಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಬೋರ್‌ಗಳಲ್ಲಿ ಫ್ಲೋರೈಡ್ ಬಹಳ ಊರಲ್ಲಿ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ, ಅದಕ್ಕಿಂತ ಮೇಲಾದರೆ ಕುಡಿಯಬಾರದು. ನಿಮಗೆ ಬೆಳೆಯೋ ಮಗಳಿದ್ದಾಳೆ, ಹಲ್ಲು ಕಂದಾಗೋದು ಹಲ್ಲು ಬೆಳೆಯೋ ವಯಸ್ಸಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಇನ್ನೂ ಜಾಸ್ತಿ ಆಗುತ್ತೆ. ಇನ್ನು ಗಡಸು. ನಾನು ಹೊಸ ಬೋರ್ ನೀರನ್ನು ನೋಡೋದು ಹೀಗೆ: ಒಂದು ಹಿಡಿ ತೊಗರಿಬೇಳೆ ಹಾಕಿ ಕುಕ್ಕರ್ ಇಲ್ಲದೆ ಬೇಯಿಸುತ್ತೇನೆ. ನಮ್ಮ ಬೋರ್ ನೀರಿನಲ್ಲಿ ಎಷ್ಟು ಹೊತ್ತು ಕುದಿಸಿದರೂ ಬೇಳೆ ಅಂಚು ಮೆತ್ತಗಾಗಿ ನಡುವೆ ಕಾಳು ಕಾಳೇ ಉಳಿಯಿತು, ಪಾತ್ರೆಯ ಸುತ್ತ ಬಿಳಿ ಗೆರೆ ಬೇರೆ. ಅದೇ ಬೇಳೆ ಮಳೆನೀರಿನಲ್ಲಿ ಕರಗಿ ಹೋಯಿತು. ಅತ್ತೆ ಅವತ್ತಿನಿಂದ ಅಡುಗೆಗೆ ಬೋರ್ ನೀರು ಮುಟ್ಟಿಲ್ಲ. ಫ್ಲೋರೈಡ್ ಮಾತ್ರ ಬೇಳೆಯಲ್ಲಿ ಗೊತ್ತಾಗಲ್ಲ, ಅದಕ್ಕೆ ಲ್ಯಾಬೇ ಬೇಕು.

ಹಾಗಂತ ಹೆದರಬೇಡಿ. ನಮ್ಮ ಕಡೆ ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ. ಸಾವಿರ ಚದರ ಅಡಿ ಮಾಳಿಗೆ ಇದ್ದರೆ, ಸೋರಿದ್ದು ಆರಿದ್ದು ಕಳೆದು ಸುಮಾರು 40,000 ಲೀಟರ್ ಹಿಡಿಯಬಹುದು. ನಾಲ್ಕು ಜನಕ್ಕೆ ಕುಡಿಯೋಕೆ, ಅಡುಗೆಗೆ ತಲೆಗೆ 10 ಲೀಟರ್ ಅಂದರೂ ವರ್ಷಕ್ಕೆ 15,000 ಲೀಟರ್ ಸಾಕು. ಮನೆಗೆ ಮೊದಲೇ ನೆಲದೊಳಗೆ ತೊಟ್ಟಿ ಕಟ್ಟಿಸಿ, ಆಮೇಲೆ ಗೋಡೆ ಎತ್ತಿ. ಮೊದಲ ಮಳೆ ನೀರು ಹೊರಗೆ ಬಿಡಬೇಕು ಅನ್ನೋದು ನೆನಪಿರಲಿ. ಬರಗಾಲದ ವರ್ಷ ಅರ್ಧ ಬಂದರೂ ನಡೆಯುತ್ತೆ.

ಗಾಳಿ ನೋಡಿದ್ದೀರಾ? ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಎಂಥದ್ದು ಅಂದರೆ ಸುಮ್ನೆ ಇಲ್ಲಿ ಗಾಳಿ ಕರೆಂಟಿನ ಫ್ಯಾನು ನಿಲ್ಲಿಸಿಲ್ಲ ಕಂಪನಿಯವರು. ಬಾಳೆ ಹಚ್ಚಿದರೆ ಒಂದು ಎಲೆ ಹರಿಯದೆ ಉಳಿಯಲ್ಲ. ಪಡುವಣ ಬದುವಿನಲ್ಲಿ ಬೇವು, ಹೊಂಗೆ ಇದೆಯಾ ನೋಡಿ. ಇದ್ದರೆ ಅದಕ್ಕೆ ಎರಡು ದುಡ್ಡು ಜಾಸ್ತಿ ಕೊಡಿ, ನೀವು ಹಚ್ಚಿದರೆ ಅಷ್ಟಾಗೋಕೆ ಹತ್ತು ವರ್ಷ ಬೇಕು. ಫ್ಯಾನ್ ಕಂಬ ಹೊಲಕ್ಕೆ ತೀರಾ ಹತ್ತಿರ ಇದ್ದರೆ ಅಲ್ಲಿ ಒಂದು ರಾತ್ರಿ ಉಳಿದು ನೋಡಿ, ಸದ್ದು ಕೆಲವರಿಗೆ ಆಗಿಬರಲ್ಲ.

ಎರೆ ಬಯಲಲ್ಲಿ ಚಿಗರಿ ಹಿಂಡು ಬರುತ್ತವೆ, ಕಡಲೆ ಹೆಸರು ಚಿಗುರು ಉಳಿಸಲ್ಲ. ಗುಡ್ಡದ ಕಡೆ ಕರಡಿ, ಚಿರತೆ. ಆನೆಗೊಂದಿ ಬೆಟ್ಟದಲ್ಲಿ ಎರಡೂ ಇವೆ, ಆಕಳ ಕರು, ಕೋಳಿ ಸಾಕುವವರು ಗಟ್ಟಿ ಕೊಟ್ಟಿಗೆ ಕಟ್ಟಬೇಕು. ಮಗಳ ಸ್ಕೂಲ್ ಬಸ್ಸು ಎಲ್ಲಿವರೆಗೆ ಬರುತ್ತೆ, ಅವ್ವನಿಗೆ ರಾತ್ರಿ ಏನಾದರೂ ಆದರೆ ಗಾಡಿ ಬಾಗಿಲ ತನಕ ಬರುತ್ತಾ, ಇದನ್ನು ಮಳೆ ಬಿದ್ದ ಮರುದಿನ ಹೋಗಿ ನೋಡಿ. ಎರೆ ದಾರಿಯಲ್ಲಿ ಅವತ್ತು ಬೈಕಿನ ಚಕ್ರವೇ ತಿರುಗಲ್ಲ.

ಹೊಲದ ಮನೆ:

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್. ಹೆಂಡತಿಗೆ ಓದಿಸಿದೆ, ವಿರೂಪಾಪುರ ಗಡ್ಡೆಯ ಸುದ್ದಿ ಅವಳಿಗೂ ನೆನಪಿತ್ತು, ಆನೆಗೊಂದಿ ಬಿಟ್ಟೆವು. ಕಾರಟಗಿ ಬಗ್ಗೆ ಅವ್ವ ಇನ್ನೂ ವಾದ ಮಾಡುತ್ತಿದ್ದಾಳೆ, ಮೂಲೆ ಮಣ್ಣು ತಂದು ಪರೀಕ್ಷೆ ಮಾಡಿಸುತ್ತೇನೆ ಅಂದಿದ್ದೇನೆ.

ಕುಷ್ಟಗಿ ಬೋರ್ ಬಗ್ಗೆ "ಎರಡೂವರೆ ಇಂಚು ನೀರು" ಅನ್ನುತ್ತಾರೆ. ಮೋಟಾರ್ ಚಾಲೂ ಮಾಡಿ ತೋರಿಸಿದರು, ಜೋರಾಗೇ ಬಂತು. ಅದು ಸಾಕಾ? ಕರೆಂಟ್ ಬಗ್ಗೆ ಏನು ಕೇಳಬೇಕು?

ಮೋಟಾರ್ ರಿಪೇರಿ:

ಹತ್ತು ನಿಮಿಷ ನೀರು ತೋರಿಸೋದು ಯಾವ ಬೋರ್‌ನಲ್ಲಾದರೂ ಆಗುತ್ತೆ ಸರ್. ಎರಡು ದಿನ ಮೋಟಾರ್ ಹಚ್ಚದೆ ಬಿಟ್ಟರೆ ಕೊಳವೆಯೊಳಗೆ ನೀರು ಕೂತಿರುತ್ತೆ, ಅದು ಹೊರಗೆ ಬರೋ ತನಕ ಜೋರು. ಆಮೇಲೆ ಎಷ್ಟು ಬರುತ್ತೆ ಅನ್ನೋದೇ ನಿಜವಾದ ನೀರು. ಇಂಚಿನ ಲೆಕ್ಕ ಬಿಡಿ, ಪ್ರತಿಯೊಬ್ಬರ ಇಂಚೂ ಬೇರೆ ಬೇರೆ ಉದ್ದ. 200 ಲೀಟರ್ ಡ್ರಮ್ ಒಂದು ತಗೊಂಡು ಹೋಗಿ, ಮೊಬೈಲಲ್ಲಿ ಟೈಮ್ ಇಟ್ಟು ತುಂಬಿಸಿ. ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್. ಮೋಟಾರ್ ಬಂದ್ ಮಾಡಬೇಡಿ. ಮೂರು ನಾಲ್ಕು ಗಂಟೆ ಬಿಟ್ಟು ಮತ್ತೆ ಅದೇ ಡ್ರಮ್ ಹಿಡಿಯಿರಿ. ಆಗಲೂ ಹೆಚ್ಚುಕಡಿಮೆ ಅಷ್ಟೇ ಬಂದರೆ ಒಳ್ಳೇ ಬೋರ್. ನಡುವೆ ಗಾಳಿ ಉಗುಳೋಕೆ ಶುರು ಮಾಡಿದರೆ, ಕೆಂಪು ರಾಡಿ ಬಂದರೆ, ಮಾರುವವರು "ಮೋಟಾರ್ ಬಿಸಿಯಾಗುತ್ತೆ ಬಂದ್ ಮಾಡ್ರಿ" ಅಂತ ಓಡಿ ಬಂದರೆ ಅರ್ಥ ಮಾಡಿಕೊಳ್ಳಿ.

ಇದನ್ನು ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಮಾಡಿ. ದೀಪಾವಳಿ ಹೊತ್ತಿಗೆ ಎಲ್ಲರ ಬೋರೂ ಚಲೋ ಇರುತ್ತೆ. ನಮ್ಮದು ಕಲ್ಲಿನ ನೆಲ, ನೀರು ಬಂಡೆಯ ಬಿರುಕಿನಲ್ಲಿ ಮಾತ್ರ, ಪಕ್ಕದಲ್ಲಿ ಹತ್ತು ಹೆಜ್ಜೆ ಸರಿದು ಹೊಡೆದರೂ ಧೂಳು ಬರಬಹುದು. ಅದಕ್ಕೆ ಸುತ್ತಲಿನ ಎಂಟು ಹತ್ತು ಹೊಲದಲ್ಲಿ ಎಷ್ಟು ಬೋರ್ ಫೇಲ್ ಆಗಿವೆ ಅಂತ ಕೇಳಿ. ಕೇಸಿಂಗ್ ಎಷ್ಟು ಅಡಿ, ಒಟ್ಟು ಆಳ ಎಷ್ಟು, ಮೋಟಾರ್ ಎಷ್ಟು ಅಡಿಗೆ ಬಿಟ್ಟಿದ್ದಾರೆ ಅಂತಲೂ ಕೇಳಿ. ಮೋಟಾರ್ ಆಗಲೇ ತಳಕ್ಕೆ ಇಳಿದಿದ್ದರೆ ಇನ್ನು ಇಳಿಸೋಕೆ ಜಾಗ ಇಲ್ಲ ಅಂತ ಅರ್ಥ.

ಎಷ್ಟು ಬೇಕು ಅಂದರೆ: ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಬೇಕಾದರೆ ಸುಮಾರು 4,000 ಲೀಟರ್. ಬೇಸಿಗೆಯಲ್ಲಿ ಕಾಯಿಪಲ್ಲೆಗೆ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಬೇಕಾಗುತ್ತೆ. ಹಾಗಾಗಿ ಅರ್ಧ ಎಕರೆ ಕಾಯಿಪಲ್ಲೆಗೆ ದಿನಕ್ಕೆ 10,000 ಲೀಟರ್ ಒಳಗೆ, ಗಿಡಕ್ಕೆ ಡ್ರಿಪ್ ಹಾಕಿದರೆ ಅದು ಸ್ವಲ್ಪ, ಆಕಳಿಗೆ ಒಂದಕ್ಕೆ ಬೇಸಿಗೆಯಲ್ಲಿ 60, 70 ಲೀಟರ್ ಹಿಡಿಯಿರಿ. ಮೇ ತಿಂಗಳಲ್ಲಿ ಗಂಟೆಗೆ 3,000 ಲೀಟರ್ ಬಂದರೂ ನಿಮ್ಮ ಸಂಸಾರ ನಡೆಯುತ್ತೆ. ಮೂರೂವರೆ ಎಕರೆ ಪೂರ್ತಿ ನೀರಾವರಿ ಮಾಡುತ್ತೇನೆ ಅಂದರೆ ನಡೆಯಲ್ಲ.

ಕರೆಂಟ್: ಆರ್‌ಆರ್ ನಂಬರ್ (ಕನೆಕ್ಷನ್ ನಂಬರ್) ಇದೆಯಾ, ಯಾರ ಹೆಸರಲ್ಲಿದೆ ನೋಡಿ. ಕೊಕ್ಕೆ ಹಾಕಿ ಎಳೆದ ಲೈನ್ ಆಗಿದ್ದರೆ ನಿಮ್ಮ ಕೈಗೆ ಬರೋದು ದಂಡವೇ. ಟಿಸಿ (ಟ್ರಾನ್ಸ್‌ಫಾರ್ಮರ್) ಎಷ್ಟು ದೂರ, ಅದರ ಮೇಲೆ ಎಷ್ಟು ಮೋಟಾರ್ ಇವೆ ಕೇಳಿ, ಜಾಸ್ತಿ ಇದ್ದರೆ ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದು ವೈಂಡಿಂಗ್ ಸುಡುತ್ತೆ, ನನಗೆ ಕೆಲಸ ನಿಮಗೆ ಖರ್ಚು. ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ಏಳು ಗಂಟೆ ಅನ್ನುತ್ತಾರೆ, ಅದೂ ಹಗಲು ರಾತ್ರಿ ಪಾಳಿಯಲ್ಲಿ. ಆ ಲೈನ್ ನಂಬಿಕೊಂಡು ಲ್ಯಾಪ್‌ಟಾಪ್ ಕೆಲಸ ಮಾಡೋಕಾಗಲ್ಲ, ಮನೆಗೆ ಬೇರೆ ಕನೆಕ್ಷನ್ ಬೇಕು, ಊರ ಲೈನ್ ಎಲ್ಲಿವರೆಗೆ ಬಂದಿದೆ ಅಂತ ಜೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಹೊಸ ಪಂಪ್‌ಸೆಟ್‌ಗೆ ಲೈನ್‌ನಿಂದ 500 ಮೀಟರ್‌ಗಿಂತ ದೂರ ಇದ್ದರೆ ಈಗ ಕುಸುಮ್ ಯೋಜನೆಯ ಸೋಲಾರ್ ಕಡೆಗೇ ಕಳಿಸುತ್ತಾರೆ. ಕಾಯಿಪಲ್ಲೆಗೆ ಹಗಲು ನೀರು ಸಿಗುತ್ತೆ, ನನ್ನ ಪ್ರಕಾರ ಅದು ಚಲೋನೇ.

ಸಿರುಗುಪ್ಪ ಸೀಮೆ:

ಎಲ್ಲರೂ ಕೊಳ್ಳೋ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ಬೇರೆ ಹೇಳುತ್ತೇನೆ. ಒಂದು ವರ್ಷ ಅದೇ ಊರಲ್ಲಿ ಬಾಡಿಗೆ ಮನೆ ಹಿಡಿಯಿರಿ, ಎರಡು ಎಕರೆ ಲಾವಣಿಗೆ (ಗೇಣಿಗೆ) ಹಾಕಿಕೊಳ್ಳಿ, ಒಂದು ಮುಂಗಾರು ಒಂದು ಬೇಸಿಗೆ ನೋಡಿ. ಹೊಲ ಹೇಗಿದೆ ಅನ್ನೋದಕ್ಕಿಂತ ನಿಮಗೆ ಅಲ್ಲಿ ಇರೋಕೆ ಆಗುತ್ತಾ ಅನ್ನೋದು ಗೊತ್ತಾಗುತ್ತೆ. ಹೊಲ ಕೊಳ್ಳೋದು ಹೆಣ್ಣು ನೋಡೋ ಶಾಸ್ತ್ರದ ಹಾಗೆ ಆಗಬಾರದು, ಉಪ್ಪಿಟ್ಟು ತಿಂದು ಎದ್ದು ಬಂದು ಒಪ್ಪಿಗೆ ಹೇಳೋದು. ಏಪ್ರಿಲ್ ಮೇ ತಿಂಗಳಲ್ಲಿ 42, 43 ಡಿಗ್ರಿಯಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಕಳೆದವರಿಗೇ ಗೊತ್ತು. ಆಕಳು ಕಟ್ಟಿದ ಮೇಲೆ ಅಕ್ಕನ ಮಗಳ ಮದುವೆಗೂ ಇಬ್ಬರೂ ಒಟ್ಟಿಗೆ ಹೋಗೋಕಾಗಲ್ಲ.

ಮತ್ತೆ ಯಾವ ಹೊಲ ನೋಡಿದರೂ ಗಾಳಿ ಬೀಸೋ ಮೇಲುಗಡೆ ಕಾರ್ಖಾನೆ ಇದೆಯಾ ನೋಡಿ. ಕೊಪ್ಪಳದ ಗಿಣಿಗೇರಿ ಸುತ್ತ, ಸಂಡೂರಿನ ಗಣಿ ದಾರಿಗಳ ಪಕ್ಕ ಹೊಲ ಅಗ್ಗಕ್ಕೆ ಸಿಗುತ್ತೆ. ಅಲ್ಲಿ ಮೆಣಸಿನ ಗಿಡದ ಎಲೆ ಒರೆಸಿ ಬೆರಳು ನೋಡಿಕೊಳ್ಳಿ.

ಹಳೇ ನಕಾಶೆ:

ಲಾವಣಿ ಒಳ್ಳೇ ಸಲಹೆಯೇ. ಆದರೆ ಕಾನೂನಿನಲ್ಲಿ ಗೇಣಿಗೆ ಕೊಡೋ ಹಾಗಿಲ್ಲ, ಊರಲ್ಲೆಲ್ಲ ಬಾಯಿಮಾತಿನಲ್ಲಿ ನಡೆಯುತ್ತೆ. ಬರೆದು ಕೊಡು ಅಂದರೆ ಯಾರೂ ಕೊಡಲ್ಲ. ಅದಕ್ಕೆ ಒಂದು ಬೆಳೆಯ ದುಡ್ಡು ಮಾತ್ರ ಕೊಡು, ಬೋರ್ ರಿಪೇರಿ, ಬೇಲಿ ಅಂತ ಬೇರೆಯವರ ಹೊಲಕ್ಕೆ ಹಣ ಸುರಿಯಬೇಡ.

ಹೊಲದ ಮನೆ:

ಸರಿ. ಹೆಂಡತಿ ಸಿರುಗುಪ್ಪ ಅಣ್ಣನ ಮಾತಿಗೆ ಒಪ್ಪಿದ್ದಾಳೆ, ಮಗಳ ಪರೀಕ್ಷೆ ಮುಗಿದ ಮೇಲೆ ಕುಷ್ಟಗಿಯಲ್ಲಿ ಬಾಡಿಗೆ ಮನೆ ನೋಡುತ್ತೇವೆ. ಹೊಲದವರಿಗೆ ಮೇ ತಿಂಗಳಲ್ಲಿ ಡ್ರಮ್ ತಗೊಂಡು ಬರುತ್ತೇನೆ ಅಂದೆ, ಅಲ್ಲಿವರೆಗೆ ಮುಂಗಡ ಇಲ್ಲ ಅಂದೆ. "ಬೇರೆ ಪಾರ್ಟಿ ಬಂದಿದೆ" ಅಂದರು. ಬಂದರೆ ಬರಲಿ ಅಂತ ಸುಮ್ಮನಿದ್ದೇನೆ. ಅಕ್ಕಾ, ಫ್ಲೋರೈಡ್ ಪರೀಕ್ಷೆಗೆ ನೀರು ಹೇಗೆ ಹಿಡಿಯಬೇಕು, ಎಲ್ಲಿ ಕೊಡಬೇಕು?

ಮಸಾರಿ ಅಕ್ಕ:

ಬೇರೆ ಪಾರ್ಟಿ ಎಲ್ಲ ಹೊಲಕ್ಕೂ ಯಾವಾಗಲೂ ಬಂದಿರುತ್ತೆ, ತಲೆ ಕೆಡಿಸಿಕೊಳ್ಳಬೇಡಿ.

ಮೋಟಾರ್ ಅರ್ಧ ಗಂಟೆ ಓಡಿದ ಮೇಲೆ ಪೈಪಿನಿಂದಲೇ ಹಿಡಿಯಿರಿ, ತೊಟ್ಟಿಯಿಂದ ಬೇಡ. ಹೊಸ ಪ್ಲಾಸ್ಟಿಕ್ ಬಾಟಲಿ ಆದರೆ ಒಳ್ಳೇದು, ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ಪೂರ್ತಿ ತುಂಬಿ ಮುಚ್ಚಳ ಹಾಕಿ. ಊರ ಹೆಸರು, ಸರ್ವೆ ನಂಬರ್, ತಾರೀಕು ಬಾಟಲಿ ಮೇಲೇ ಬರೆಯಿರಿ, ಚೀಟಿ ಒದ್ದೆಯಾಗಿ ಬಿದ್ದುಹೋಗುತ್ತೆ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯದಲ್ಲಿ ಕೊಡಬಹುದು, ಯಾವ ದಿನ ತಗೊಳ್ಳುತ್ತಾರೆ ಅಂತ ಪಂಚಾಯಿತಿಯ ನೀರಗಂಟಿಯನ್ನು ಕೇಳಿದರೆ ಹೇಳುತ್ತಾನೆ. ಫ್ಲೋರೈಡ್, ಗಡಸು, ನೈಟ್ರೇಟ್ ಮೂರೂ ಬೇಕು ಅಂತ ಬಾಯಿಬಿಟ್ಟು ಹೇಳಿ. ಪಕ್ಕದ ಹೊಲದ ಬೋರಿನದ್ದೂ ಒಂದು ಬಾಟಲಿ ಹಿಡಿದುಕೊಂಡು ಹೋಗಿ, ಆ ನೆಪಕ್ಕೆ ಅವರ ಪರಿಚಯವೂ ಆಗುತ್ತೆ.